ಎರಡೂವರೆ ವರ್ಷದ ಮಗೂನ ಎಲ್ಲಿ ಬಿಡೋದು? ನಿಮ್ ಅನುಭವ ಹೇಳಿ

ಲಗ್ಗೆರೆ ಟೈಲರ್: ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲ್ಸ. ಅತ್ತೆ ಊರಿಗೆ ಹೋಗ್ಬಿಟ್ರು. ಅಂಗನವಾಡೀಲಿ ಮೂರು ತುಂಬ್ಲಿ ಅಂತಾರೆ. ಅಲ್ಲೀವರ್ಗೂ ನೀವೆಲ್ಲ ಏನ್ ಮಾಡಿದ್ರಿ?

ಅವಳಿ ಮಕ್ಕಳ ಅಮ್ಮ: ನಮ್ ಬೀದಿ ಆಂಟಿ ಮನೇಲಿ ಬಿಟ್ಟಿದ್ದೆ, ತಲೆಗೆ 2,500, ಹಾಲು ನಮ್ದೇ, ಓಟಿ ಇದ್ದು ಲೇಟಾದ್ರೆ ದಿನಕ್ಕೆ 50 ಬೇರೆ. ಮೂರನೇ ತಿಂಗ್ಳು ಇಬ್ರಿಗೂ ವಾಂತಿಭೇದಿ, ಡ್ರಿಪ್ಸು, 6,800 ಬಿಲ್ಲು, ನಾಲ್ಕು ದಿನದ ಸಂಬ್ಳ ಕಟ್, ಅಟೆಂಡೆನ್ಸ್ ಬೋನಸ್ಸೂ ಹೋಯ್ತು. ಅವ್ಳು ಅಂದಿದ್ದು, ನಿಮ್ಮನೆ ನೀರೇ ಸರಿ ಇಲ್ಲ ಅಂತ! ಈಗ್ಲೂ ಎದುರು ಬಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತೀನಿ.

ಕ್ರೆಶ್ ಹುಡುಗನ ತಾಯಿ: ನನ್ ಮಗ ಹನ್ನೊಂದು ತಿಂಗ್ಳ ಕೂಸಾಗಿದ್ದಾಗಿಂದ ಫ್ಯಾಕ್ಟರಿ ಕ್ರೆಶ್ಶಲ್ಲೇ (ಅಮ್ಮಂದಿರು ಕೆಲ್ಸ ಮಾಡೋವಾಗ ಮಕ್ಳನ್ನ ನೋಡ್ಕೊಳ್ಳೋ ಜಾಗ) ಬೆಳ್ದಿದ್ದು, ಒಂದ್ ರೂಪಾಯಿ ಖರ್ಚಿಲ್ಲ, ಊಟದ ಬೆಲ್ಲಾದ್ರೆ ಹೋಗಿ ತಿನ್ಸಿ ಬರ್ತಿದ್ದೆ. 30ಕ್ಕಿಂತ ಜಾಸ್ತಿ ಹೆಂಗಸ್ರಿದ್ರೆ ಕ್ರೆಶ್ ಇರ್ಲೇಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೇಲೇ ಬರ್ದಿತ್ತು. ಯಾರೂ ಬಾಯಿ ಬಿಟ್ಟು ಕೇಳಲ್ಲ, ಆಮೇಲೆ ಆಂಟಿಗೆ ದುಡ್ಡು ಸುರ್ದು ಅಳ್ತಾರೆ.

ಅವಳಿ ಮಕ್ಕಳ ಅಮ್ಮ: ಅಳ್ತಾರೆ ಅಂತ ಯಾರಿಗ್ರೀ ಅಂದಿದ್ದು? ಎರಡು ಕೂಸು ಎತ್ಕೊಂಡು ಬೆಳಗ್ಗೆ ಎಂಟರ ಬಸ್ ಹತ್ತಿ ನೋಡಿ ಒಂದ್ಸಲ. ಹೆಂಗಸ್ರಿಗೆ ಬಸ್ ಫ್ರೀ ಮಾಡಿದ್ಮೇಲಂತೂ ಕಾಲಿಡಕ್ಕೂ ಜಾಗ ಇಲ್ಲ.

ಟೀಚರ್ ಮಗಳು: ಮೂರರೊಳಗಿನ ಮಕ್ಳಿಗೆ ಅಂಗನವಾಡಿಯಿಂದ ಮನೆಗೇ ಪುಷ್ಟಿ ಪೊಟ್ಣ (ಪೌಷ್ಟಿಕ ಆಹಾರದ ಪ್ಯಾಕೆಟ್ಟು) ಕೊಡ್ತಾರೆ, ಅದನ್ನ ಬಿಡ್ಬೇಡಿ ಅಕ್ಕ. ನಮ್ಮಮ್ಮ ಅಂಗನವಾಡಿ ಟೀಚರು, ಒಂದೇ ರೂಮು, ಬಾಡಿಗೆ ಬರೋದು ತಡ ಆದ್ರೆ ಕೈಯಿಂದ ಕಟ್ತಾರೆ, ಅದ್ರ ಮೇಲೆ ಸರ್ವೆ, ಓಟರ್ ಲಿಸ್ಟು ಕೆಲ್ಸಾನೂ ಅವ್ರ ತಲೆಗೇ.

ನಾಲ್ಕನೇ ಕ್ರಾಸ್: ಪೊಟ್ಣದ ವಿಷ್ಯ ಎತ್ಬೇಡಮ್ಮ. ಮುಖ ಸ್ಕ್ಯಾನ್ ಅಂತೆ, ಓಟಿಪಿ ಅಂತೆ, ಓಟಿಪಿ ಹೋಗಿದ್ದು ಗಂಡನ ಫೋನಿಗೆ, ಅವ್ರು ಹೊಸೂರಲ್ಲಿ ಗಾಡಿ ಓಡಿಸ್ತಾ ಇದ್ರು. ಎರಡು ಸಲ ಅರ್ಧರ್ಧ ದಿನ ಲೀವು, ಸೂಪರ್‌ವೈಸರ್ ಹತ್ರ ಬೈಸ್ಕೊಂಡೆ, ಸಿಕ್ಕಿದ್ದು ಖಾಲಿ ಕೈ. ಇನ್ನು ಮೂರು ತುಂಬಿ ಸೇರಿಸಿದ್ರೂ ನಾಲ್ಕಕ್ಕೇ ಬೀಗ, ನಮ್ಗೆ ಬಿಡೋದು ಐದೂವರೆ. ಆ ಒಂದೂವರೆ ಗಂಟೆಗೇ ತಿಂಗ್ಳಿಗೆ 1,200 ಕೊಡ್ತಿದೀನಿ ಪಕ್ಕದ್ಮನೆಗೆ.

ಟೀಚರ್ ಮಗಳು: ಸ್ಕ್ಯಾನ್ ಮಾಡಿ ಅಂತ ಹೇಳಿದ್ದು ನಮ್ಮಮ್ಮನಾ? ಸರ್ವರ್ ಡೌನ್ ಆದ್ರೂ ಬೈಗುಳ ಅವ್ರಿಗೇ.

ಕ್ರೆಶ್ ಹುಡುಗನ ತಾಯಿ: ಬಸ್ಸಿನ ವಿಷ್ಯ ಬಿಡಲ್ಲ ನಾನು. ಪಾಸಿಗೆ 1,050 ಕಟ್ತಿದ್ದೆ, ಆ ದುಡ್ಡಲ್ಲೇ ಮಗನ್ ಹಾಲು ಈಗ. ನಿಂತ್ಕೊಂಡೇ ಹೋಗಿದೀನಿ, ಸತ್ತೋಗಿಲ್ಲ.

ಅವಳಿ ಮಕ್ಕಳ ಅಮ್ಮ: ನಿಮ್ಗೆ ಒಂದೇ ಮಗು ಕಣ್ರೀ.

ಲಗ್ಗೆರೆ ಟೈಲರ್: ಅಕ್ಕ, ಕ್ರೆಶ್ಶಲ್ಲಿ ಸೇರ್ಸಕ್ಕೆ ಯಾರನ್ನ ಕೇಳ್ಬೇಕು, ಎಚ್‌ಆರ್‌ನಾ?