ಪ್ರಶ್ನೋತ್ತರ: ಜರ್ಮನಿಯಲ್ಲಿ ಓದುತ್ತಾ, ಕಡಿಮೆ ದುಡ್ಡಲ್ಲಿ ಒಬ್ಬರೇ ಯುರೋಪ್ ಸುತ್ತೋದು ಹೇಗೆ?

ಪ್ರಶ್ನೆ:

ನಮಸ್ತೆ ಮೇಡಂ. ನಾನು ಲೈಪ್‌ಜಿಗ್‌ನಲ್ಲಿ ಎಂಎಸ್ ಮಾಡ್ತಿದೀನಿ, ವಯಸ್ಸು 24. ಫೆಬ್ರವರಿಯಲ್ಲಿ ಪರೀಕ್ಷೆ ಮುಗಿದ್ರೆ ಏಪ್ರಿಲ್‌ವರೆಗೆ ಕ್ಲಾಸ್ ಇರಲ್ಲ. ಫ್ರೆಂಡ್ಸ್ ಎಲ್ಲ ಪಾರ್ಟ್‌ಟೈಮ್ ಕೆಲಸದಲ್ಲಿದ್ದಾರೆ, ಒಬ್ಬರ ರಜೆ ಇನ್ನೊಬ್ಬರಿಗೆ ಹೊಂದಲ್ಲ. ಅದಕ್ಕೇ ಒಬ್ಬಳೇ ಪ್ರಾಗ್, ಆಮೇಲೆ ಪ್ಯಾರಿಸ್ ನೋಡಿ ಬರೋಣ ಅಂತ. ಬ್ಲಾಕ್ಡ್ ಅಕೌಂಟಿಂದ (ವೀಸಾಗೆ ಅಂತ ಮೊದಲೇ ಕಟ್ಟಿಟ್ಟು, ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯೋಕೆ ಸಿಗೋ ಖಾತೆ) ತಿಂಗಳಿಗೆ ಬರೋದು 992 ಯೂರೋ. ಬಾಡಿಗೆ, ಇನ್ಶೂರೆನ್ಸ್, ಊಟ ಕಳೆದ್ರೆ ಕೈಯಲ್ಲಿ ಉಳಿಯೋದು ಅಷ್ಟಕ್ಕಷ್ಟೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸೋಕೆ ಹೋಗಬಾರದು? ಒಬ್ಬಳೇ ಹೋಗ್ತಿರೋದು ಇದೇ ಮೊದಲು.

ಉತ್ತರ (ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಸಲಹೆಗಾರ್ತಿ):

ಒಳ್ಳೆಯ ಸಮಯಕ್ಕೇ ಹೊರಟಿದ್ದೀರಿ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಪ್ರವಾಸಿಗಳು ಕಡಿಮೆ, ಹಾಸ್ಟೆಲ್ (ಪ್ರವಾಸಿಗಳು ಕೋಣೆ ಹಂಚಿಕೊಂಡು ಉಳಿಯುವ ಅಗ್ಗದ ವಸತಿ) ದರವೂ ಇಳಿದಿರುತ್ತದೆ. ಈಸ್ಟರ್ ವಾರ ಒಂದನ್ನು ತಪ್ಪಿಸಿಕೊಳ್ಳಿ, ಸಾಕು.

ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಟಿಕೆಟ್ ನೋಡುತ್ತಾರೆ. ಎಲ್ಲೋ ಹದಿನೈದು ಯೂರೋಗೆ ಸಿಕ್ಕಿತು ಅಂತ ತೆಗೆದುಬಿಡುತ್ತಾರೆ. ಮಿಕ್ಕಿದ್ದೆಲ್ಲ ಆ ಟಿಕೆಟ್‌ಗೆ ತಕ್ಕಂತೆ ಬಗ್ಗಬೇಕು. ದುಡ್ಡು ಸೋರುವುದು ಅಲ್ಲೇ. ಒಬ್ಬರೇ ಹೋಗುವವರು ಮೊದಲು ಕಾಗದಪತ್ರ ನೋಡಬೇಕು, ಆಮೇಲೆ ಮೊದಲ ರಾತ್ರಿ ಎಲ್ಲಿ ಅನ್ನೋದು, ಕೊನೆಗೆ ಟಿಕೆಟ್. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಏನಾದರೂ ಎಡವಟ್ಟಾದಾಗ ಖರ್ಚು ಹಂಚಿಹೋಗುತ್ತದೆ, ತಲೆಬಿಸಿಯೂ ಹಂಚಿಹೋಗುತ್ತದೆ. ಒಬ್ಬರೇ ಇದ್ದಾಗ ಎರಡೂ ನಮ್ಮ ತಲೆ ಮೇಲೆಯೇ.

ಕಾಗದಪತ್ರದಿಂದ ಶುರು ಮಾಡೋಣ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಚಾಲ್ತಿಯಲ್ಲಿದ್ದರೆ ಷೆಂಗೆನ್‌ನ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಬೇರೆ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಬೇರೆ ವೀಸಾ ಇಲ್ಲದೆ ಇರಬಹುದು. ಜರ್ಮನಿಯಲ್ಲೇ ಇದ್ದ ದಿನಗಳು ಈ 90ರ ಲೆಕ್ಕಕ್ಕೆ ಬರುವುದಿಲ್ಲ. ಪ್ರಾಗ್, ಪ್ಯಾರಿಸ್ ಎರಡಕ್ಕೂ ಇಷ್ಟು ಸಾಕು. ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ, ಭಾರತೀಯ ಪಾಸ್‌ಪೋರ್ಟ್ ಇರುವವರು ಅಲ್ಲಿಗೆ ಬೇರೆ ವೀಸಾ ತೆಗೆಯಲೇಬೇಕು. ಡಬ್ಲಿನ್‌ಗೆ ಅಗ್ಗದ ವಿಮಾನ ಕಂಡ ಕೂಡಲೇ ಬುಕ್ ಮಾಡಿ, ಆಮೇಲೆ ದುಡ್ಡು ವಾಪಸ್ ಸಿಗದೆ ಒದ್ದಾಡಿದವರನ್ನು ನೋಡಿದ್ದೇನೆ.

ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಮೂಲ ಪ್ರತಿಯೇ ಕೈಯಲ್ಲಿರಲಿ, ಫೋನ್‌ನಲ್ಲಿರುವ ಫೋಟೋ ನಡೆಯುವುದಿಲ್ಲ. ಷೆಂಗೆನ್ ಒಳಗೆ ಗಡಿ ತಪಾಸಣೆ ಇಲ್ಲ ಅನ್ನುವುದು ಈಗ ಪೂರ್ತಿ ನಿಜವಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲಾ ನೆಲಗಡಿಗಳಲ್ಲೂ ತಪಾಸಣೆ ಶುರು ಮಾಡಿ, ಮತ್ತೆ ಮತ್ತೆ ಮುಂದುವರಿಸಿದೆ. ರಾತ್ರಿ ಬಸ್ಸಿನಲ್ಲಿ ಇದು ಹೇಗಿರುತ್ತದೆ ಗೊತ್ತಾ? ನಡುರಾತ್ರಿ ಬಸ್ಸು ಪಕ್ಕಕ್ಕೆ ನಿಲ್ಲುತ್ತದೆ, ಒಳಗಿನ ಲೈಟೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಪೊಲೀಸರು ಒಂದೊಂದೇ ಸೀಟಿನ ಹತ್ತಿರ ಬಂದು ಕೈ ಚಾಚುತ್ತಾರೆ. ನಿಮ್ಮ ಪಾಸ್‌ಪೋರ್ಟ್ ಬಸ್ಸಿನ ಹೊಟ್ಟೆಯಲ್ಲಿಟ್ಟ ದೊಡ್ಡ ಬ್ಯಾಗಿನಲ್ಲಿದ್ದರೆ, ಇಳಿದು, ಡ್ರೈವರ್ ಕೈಲಿ ಬಾಗಿಲು ತೆಗೆಸಿ, ಚಳಿಯಲ್ಲಿ ನಿಂತು ಹುಡುಕಬೇಕು. ಜಾಕೆಟ್ಟಿನ ಒಳಜೇಬಿನಲ್ಲಿಟ್ಟುಕೊಂಡು ಮಲಗಿ.

ಇನ್ನು ಮೊದಲ ರಾತ್ರಿ. ಇಲ್ಲಿ ಉಳಿಸಲು ಹೋಗಬೇಡಿ. ಹೊಸ ಊರಿಗೆ ಬೆಳಕಿರುವಾಗಲೇ ತಲುಪಿ. ಫೆಬ್ರವರಿ ಕೊನೆಯಲ್ಲಿ ಪ್ರಾಗ್‌ನಲ್ಲಿ ಸಂಜೆ ಆರೂವರೆಗೆಲ್ಲ ಕತ್ತಲಾಗಿರುತ್ತದೆ. ಮೊದಲ ರಾತ್ರಿಗೆ ಸ್ಟೇಷನ್‌ನಿಂದ ನಡೆದು ಅಥವಾ ಒಂದೇ ಟ್ರಾಮ್‌ನಲ್ಲಿ ಹೋಗುವಷ್ಟು ದೂರದ, 24 ಗಂಟೆ ರಿಸೆಪ್ಷನ್ ಇರುವ ಹಾಸ್ಟೆಲ್ ಹಿಡಿಯಿರಿ. ನಾಲ್ಕೈದು ಯೂರೋ ಹೆಚ್ಚಾದರೂ ಪರವಾಗಿಲ್ಲ. ಮರುದಿನದಿಂದ ಊರು ಪರಿಚಯವಾಗಿರುತ್ತದೆ, ಆಗ ಬೇಕಾದರೆ ದೂರದ ಅಗ್ಗದ ಜಾಗಕ್ಕೆ ಹೋಗಿ. ಬಹಳಷ್ಟು ಕಡೆ ಹೆಣ್ಣುಮಕ್ಕಳಿಗೇ ಅಂತ ಬೇರೆ ಡಾರ್ಮ್ ಇರುತ್ತದೆ. ಲಾಕರ್ ಇದ್ದರೂ ಬೀಗ ಕೊಡದ ಹಾಸ್ಟೆಲ್‌ಗಳಿವೆ, ಒಂದು ಚಿಕ್ಕ ಬೀಗ ಜೊತೆಗಿರಲಿ. ಸಿಟಿ ಟ್ಯಾಕ್ಸ್ (ಉಳಿಯುವ ಪ್ರವಾಸಿಗಳಿಂದ ಊರಿನ ಆಡಳಿತ ತೆಗೆದುಕೊಳ್ಳುವ ತೆರಿಗೆ) ಬುಕಿಂಗ್ ದರದಲ್ಲಿ ಸೇರಿದೆಯೋ ಇಲ್ಲವೋ ನೋಡಿಕೊಳ್ಳಿ. ಆಮ್‌ಸ್ಟರ್‌ಡಾಮ್‌ನಂಥ ಊರಲ್ಲಿ ಅದೇ ಶೇ 12.5.

ಈಗ ಟಿಕೆಟ್. ನಿಮ್ಮ ಸೆಮಿಸ್ಟರ್ ಟಿಕೆಟ್ (ವಿಶ್ವವಿದ್ಯಾಲಯದ ಶುಲ್ಕದ ಜೊತೆ ಬರುವ ಪ್ರಯಾಣದ ಪಾಸ್) ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಇಡೀ ಜರ್ಮನಿಗೆ ನಡೆಯುವ ತಿಂಗಳ ಪಾಸ್‌ನ ರೂಪದ್ದಾಗಿದ್ದರೆ ಅರ್ಧ ದಾರಿಯ ಖರ್ಚು ಆಗಲೇ ಕಟ್ಟಿದ್ದೀರಿ. 2023ರ ಮೇನಲ್ಲಿ ತಿಂಗಳಿಗೆ 49 ಯೂರೋಗೆ ಶುರುವಾದ ಆ ಟಿಕೆಟ್ 2025ಕ್ಕೆ 58 ಆಯಿತು, 2026ರಿಂದ 63. ವಿದ್ಯಾರ್ಥಿಗಳ ರೂಪ ಅದರ ಶೇ 60ರಷ್ಟು ದರದ್ದು. ಐಸಿಇ, ಐಸಿ, ಇಸಿ ಥರದ ವೇಗದ ರೈಲುಗಳಲ್ಲಿ ಅದು ನಡೆಯುವುದಿಲ್ಲ, ಪ್ರಾದೇಶಿಕ ರೈಲುಗಳಲ್ಲಿ ದೇಶದ ಈ ತುದಿಯಿಂದ ಆ ತುದಿಗೆ ನಡೆಯುತ್ತದೆ.

ಪ್ರಾಗ್‌ಗೆ ಹೀಗೆ ಹೋಗಿ: ಲೈಪ್‌ಜಿಗ್‌ನಿಂದ ಡ್ರೆಸ್ಡನ್‌ಗೆ ಪ್ರಾದೇಶಿಕ ರೈಲು, ಅಲ್ಲಿಂದ ಎಸ್1 ಅನ್ನುವ ಉಪನಗರ ರೈಲು ಹಿಡಿದು ಬಾಡ್ ಶಾಂಡೌ. ಇಲ್ಲಿವರೆಗೆ ನಿಮ್ಮದೇ ಟಿಕೆಟ್. ಬಾಡ್ ಶಾಂಡೌನಿಂದ ಗಡಿಯಾಚೆಗಿನ ಡೆಚೀನ್‌ಗೆ ಯು28 ಅನ್ನುವ ಚಿಕ್ಕ ರೈಲಿದೆ, ಆ ತುಂಡಿಗೆ ಬೇರೆ ಟಿಕೆಟ್. ಡೆಚೀನ್‌ನಿಂದ ಪ್ರಾಗ್‌ಗೆ ಚೆಕ್ ರೈಲ್ವೆಯ ಆ್ಯಪ್‌ನಲ್ಲೇ ತೆಗೆಯಿರಿ. ಹೊತ್ತು ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಡ್ರೆಸ್ಡನ್ ದಾಟಿದ ಮೇಲೆ ಎಡಗಡೆ ಕಿಟಕಿ ಹಿಡಿದು ಕೂತರೆ ಎಲ್ಬೆ ನದಿ, ಅದರಾಚೆ ಮರಳುಗಲ್ಲಿನ ಬಂಡೆಗಳು ಗಡಿವರೆಗೂ ಜೊತೆಗೇ ಬರುತ್ತವೆ. ಯುರೋಪಿನಲ್ಲಿ ನನಗೆ ತುಂಬ ಇಷ್ಟವಾದ ರೈಲುದಾರಿಗಳಲ್ಲಿ ಇದೂ ಒಂದು. ಪ್ರಾಗ್‌ನಲ್ಲಿ ಕಾರ್ಡ್ ಉಜ್ಜುವಾಗ ಮಷೀನು ‘ಯೂರೋದಲ್ಲಿ ಕೊಡ್ತೀರಾ, ಕೊರುನಾದಲ್ಲಾ’ ಎಂದು ಕೇಳಿದರೆ ಅಲ್ಲಿನ ಹಣವಾದ ಕೊರುನಾ ಅನ್ನಿ. ಯೂರೋ ಒತ್ತಿದರೆ ಅವರಿಗೆ ಬೇಕಾದ ದರ ಹಾಕಿಕೊಳ್ಳುತ್ತಾರೆ. ಎಟಿಎಂನಲ್ಲೂ ಇದೇ ಕಥೆ.

ಪ್ಯಾರಿಸ್‌ಗೆ ವಿಮಾನವಾದರೆ ಮೂರು ಖರ್ಚು ಕೂಡಿಸಿ ನೋಡಿ: ಟಿಕೆಟ್, ಬ್ಯಾಗು, ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ಬಸ್ಸು. ಪ್ಯಾರಿಸ್ ಹೆಸರಿಟ್ಟುಕೊಂಡಿರುವ ಬೊವೇ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ದೂರ. ಫ್ರಾಂಕ್‌ಫರ್ಟ್ ಹಾನ್ ಅಂತೂ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ಬೆಳಗಿನ ಜಾವದ ವಿಮಾನವಾದರೆ ಹಿಂದಿನ ರಾತ್ರಿಯೇ ಅಲ್ಲಿಗೆ ಹೋಗಿ ಬಿದ್ದಿರಬೇಕು. ಇದನ್ನೆಲ್ಲ ಕೂಡಿಸಿದರೆ, ಊರೊಳಗೇ ಬೆರ್ಸಿಯಲ್ಲಿ ಇಳಿಸುವ ಬಸ್ಸು ಎಷ್ಟೋ ಸಲ ಅಗ್ಗ.

ಪ್ಯಾರಿಸ್‌ನಲ್ಲಿ ನಿಮ್ಮ ರೆಸಿಡೆನ್ಸ್ ಕಾರ್ಡಿಗೇ ಬೆಲೆಯಿದೆ. 26 ವರ್ಷ ತುಂಬದ, ಯುರೋಪಿಯನ್ ಆರ್ಥಿಕ ವಲಯದಲ್ಲಿ ವಾಸವಿರುವವರಿಗೆ ಲೂವ್ರ್ ಉಚಿತ. ಕೇಳುವುದು ಎಲ್ಲಿ ವಾಸ ಅಂತ, ಯಾವ ದೇಶದ ಪಾಸ್‌ಪೋರ್ಟ್ ಅಂತ ಅಲ್ಲ. ಆರ್ಕ್ ದ ಟ್ರಿಯಾಂಫ್, ಸೇಂಟ್ ಶಪೆಲ್‌ನಂಥ ರಾಷ್ಟ್ರೀಯ ಸ್ಮಾರಕಗಳಲ್ಲೂ 18ರಿಂದ 25 ವರ್ಷದ ಇಂಥ ನಿವಾಸಿಗಳಿಗೆ ಟಿಕೆಟ್ ಇಲ್ಲ. ನಿಮಗೆ 24, ಈ ಅವಕಾಶ ಬಿಡಬೇಡಿ. ಲೂವ್ರ್‌ಗೆ ಉಚಿತವಾದರೂ ಸಮಯ ಮೊದಲೇ ಕಾದಿರಿಸಿ, ಬಾಗಿಲಲ್ಲಿ ಕಾರ್ಡ್ ತೋರಿಸಿ.

—

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ):

ಮೇಡಂ, ನನ್ನ ಕಾರ್ಡ್ ಜನವರಿಯಲ್ಲಿ ಮುಗೀತು. ಮುಗಿಯೋಕೆ ಮುಂಚೆನೇ ಅರ್ಜಿ ಹಾಕಿದ್ದೆ, ಸದ್ಯ ಫಿಕ್ಟಿಯೋನ್ಸ್‌ಬೆಶೈನಿಗುಂಗ್ (ಹೊಸ ಕಾರ್ಡ್ ಬರೋವರೆಗಿನ ತಾತ್ಕಾಲಿಕ ಕಾಗದ) ಕೊಟ್ಟಿದ್ದಾರೆ. ಅದರಲ್ಲಿ ರೋಮ್‌ಗೆ ಹೋಗಿಬರಬಹುದಾ?

ಉತ್ತರ:

ಆ ಕಾಗದ ಜರ್ಮನಿಯ ವಾಸ್ತವ್ಯ ಕಾಯ್ದೆಯ ಯಾವ ಸೆಕ್ಷನ್ ಅಡಿ ಕೊಟ್ಟಿದ್ದು ಅನ್ನೋದನ್ನು ಮೊದಲು ನೋಡಿ. ಸೆಕ್ಷನ್ 81(4) ಎಂದಿದ್ದರೆ ನಿಮ್ಮ ಹಳೆಯ ಪರ್ಮಿಟ್ ಮುಂದುವರಿದಿದೆ ಎಂದರ್ಥ, ಹೊರಗೆ ಹೋಗಿ ವಾಪಸ್ ಬರಬಹುದು. 81(3) ಎಂದಿದ್ದರೆ ಹೋಗಬೇಡಿ. ಅದು ಜರ್ಮನಿಯೊಳಗೆ ಇರಲು ಮಾತ್ರ, ಹೊರಗೆ ಹೋದರೆ ಅದರ ಮೇಲೆ ಒಳಗೆ ಬರಲು ಆಗುವುದಿಲ್ಲ. ಮುಗಿಯುವ ಮೊದಲೇ ಅರ್ಜಿ ಹಾಕಿದ್ದರಿಂದ ನಿಮ್ಮದು 81(4) ಇರಬೇಕು, ಆದರೂ ಕಣ್ಣಾರೆ ನೋಡಿ. ಆ ಕಾಗದ, ಅವಧಿ ಮುಗಿದ ಕಾರ್ಡು, ಪಾಸ್‌ಪೋರ್ಟ್ ಮೂರೂ ಒಟ್ಟಿಗಿರಲಿ. ವಿಮಾನದ ಕೌಂಟರ್‌ನಲ್ಲಿ ಇರುವವರಿಗೆ ಈ ಕಾಗದದ ಪರಿಚಯ ಇಲ್ಲದೆ ತಡೆಯುವುದುಂಟು. ಹೊರಡುವ ಮೊದಲು ಆಸ್‌ಲೆಂಡರ್‌ಬೆಹೋರ್ಡೆಗೆ (ಪರ್ಮಿಟ್ ಕೊಡುವ ವಿದೇಶಿಯರ ಕಚೇರಿ) ಒಂದು ಇಮೇಲ್ ಬರೆದು, ಬಂದ ಉತ್ತರವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ.

ರೋಮ್ ಅಂದಿರಲ್ಲ, ಅಲ್ಲಿ ನೀರು ಕೊಳ್ಳಬೇಡಿ. ಬೀದಿ ಬೀದಿಯಲ್ಲಿ ನಾಸೋನಿ ಅನ್ನುವ ಎರಕದ ಕಬ್ಬಿಣದ ನಲ್ಲಿಗಳಿವೆ, ಕುಡಿಯುವ ನೀರೇ, ಉಚಿತ. ಟರ್ಮಿನಿ ಸ್ಟೇಷನ್‌ನಿಂದ ವ್ಯಾಟಿಕನ್ ಕಡೆ ಹೋಗುವ 64 ನಂಬರ್ ಬಸ್ಸಿನಲ್ಲಿ ಜೇಬುಗಳ್ಳರು ಹೆಚ್ಚು, ಬ್ಯಾಗು ಎದೆಗೆ ಹಾಕಿಕೊಳ್ಳಿ.

—

ಪ್ರಶ್ನೆ (ಒಬ್ಬ ತಾಯಿ):

ನಮ್ಮ ಮಗಳೂ ಅಲ್ಲೇ ಓದ್ತಿದಾಳೆ. ಒಬ್ಬಳೇ ಹೋಗ್ತೀನಿ ಅಂದ್ರೆ ನನಗೆ ನಿದ್ದೆ ಬರಲ್ಲ ಮೇಡಂ. ಬೇಡ ಅನ್ನಲಾ, ಹೋಗು ಅನ್ನಲಾ? ಗಂಟೆಗೊಂದು ಸಲ ಫೋನ್ ಮಾಡು ಅಂದ್ರೆ ಸಿಟ್ಟು ಮಾಡ್ಕೋತಾಳೆ.

ಉತ್ತರ:

ಹೋಗು ಅನ್ನಿ ಅಮ್ಮ. ಬೇಡ ಅಂದರೆ ಹೇಳದೆ ಹೋಗುವವರಿದ್ದಾರೆ, ಅದರಲ್ಲಿ ಅಪಾಯ ಹೆಚ್ಚು. ಗಂಟೆಗೊಂದು ಫೋನ್ ಅಂದರೆ ಅವಳು ದಾರಿ ನೋಡುವುದು ಬಿಟ್ಟು ಫೋನ್ ನೋಡುತ್ತಿರುತ್ತಾಳೆ, ಬ್ಯಾಟರಿಯೂ ಖಾಲಿ. ಬೆಳಿಗ್ಗೆ ಹೊರಡುವಾಗ ಒಂದು ಮೆಸೇಜು, ರಾತ್ರಿ ರೂಮಿಗೆ ಬಂದ ಮೇಲೆ ಒಂದು, ಇಷ್ಟು ಮಾತಾಡಿಕೊಳ್ಳಿ. ರಾತ್ರಿಯದು ಬಾರದಿದ್ದರೆ ಎಷ್ಟು ಹೊತ್ತು ಕಾಯುವುದು, ಆಮೇಲೆ ಯಾರಿಗೆ ಫೋನ್ ಮಾಡುವುದು ಅನ್ನುವುದನ್ನೂ ಇಬ್ಬರೂ ಕೂತು ಮೊದಲೇ ತೀರ್ಮಾನಿಸಿ. ಹಾಸ್ಟೆಲ್ ಹೆಸರು, ವಿಳಾಸ, ಅಲ್ಲಿನ ಫೋನ್ ನಂಬರು, ಜರ್ಮನಿಯಲ್ಲಿರುವ ಒಬ್ಬ ಗೆಳತಿಯ ನಂಬರು ನಿಮ್ಮ ಹತ್ತಿರ ಬರೆದಿಟ್ಟುಕೊಳ್ಳಿ. ಐರೋಪ್ಯ ಒಕ್ಕೂಟದ ಯಾವ ದೇಶದಲ್ಲಿದ್ದರೂ ತುರ್ತಿಗೆ 112, ದುಡ್ಡು ಬೀಳಲ್ಲ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿ. ಅವಳ ಪಾಸ್‌ಪೋರ್ಟ್, ಕಾರ್ಡ್ ಪ್ರತಿಗಳು ನಿಮ್ಮ ಹತ್ತಿರವೂ ಇರಲಿ, ಆಗ ಬಹಳ ಸಹಾಯಕ್ಕೆ ಬರುತ್ತವೆ.

ಇನ್ನೊಂದು ಮಾತು. ಅವಳ ಖಾತೆಯಲ್ಲಿ ಒಂದು ರಾತ್ರಿಯ ಹೋಟೆಲ್ ಮತ್ತು ವಾಪಸ್ ಟಿಕೆಟ್‌ಗೆ ಆಗುವಷ್ಟು ದುಡ್ಡು ಮುಟ್ಟದೆ ಬಿಡಲು ಹೇಳಿ, ಸಾಧ್ಯವಾದರೆ ನೀವೇ ಹಾಕಿಡಿ. ಎಲ್ಲೋ ಸರಿ ಅನ್ನಿಸದಿದ್ದರೆ ಖರ್ಚಿನ ಯೋಚನೆ ಮಾಡದೆ ಎದ್ದು ಬರಬಹುದು ಅನ್ನುವ ಧೈರ್ಯ ಅವಳಿಗೆ ಬೇಕು.

—

ಪ್ರಶ್ನೆ: ಇಂಟರ್‌ರೇಲ್ ಪಾಸ್ ತಗೊಂಡ್ರೆ ಲಾಭನಾ? ಭಾರತೀಯರಿಗೆ ಯೂರೇಲ್ ಮಾತ್ರ ಅಂತ ಯಾರೋ ಹೇಳಿದ್ರು.

ಉತ್ತರ:

ಎರಡೂ ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಪಾಸ್‌ಗಳೇ: ಯುರೋಪಿನಲ್ಲಿ ವಾಸವಿರುವವರಿಗೆ ಇಂಟರ್‌ರೇಲ್, ಹೊರಗಿನಿಂದ ಬರುವವರಿಗೆ ಯೂರೇಲ್. ನೀವು ಇಲ್ಲಿನ ನಿವಾಸಿ, ನಿಮ್ಮದು ಇಂಟರ್‌ರೇಲ್. 27ರವರೆಗೆ ಯುವ ರಿಯಾಯಿತಿ ಇದೆ. ಆದರೆ ಎರಡೇ ಊರು ನೋಡುವವರಿಗೆ ಬೇಡ. ಜರ್ಮನಿಯೊಳಗೆ ಅದರಲ್ಲಿ ಹೊರಗೆ ಹೋಗುವ ಒಂದು, ಮರಳಿ ಬರುವ ಒಂದು ಪ್ರಯಾಣ ಮಾತ್ರ. ಫ್ರಾನ್ಸ್, ಸ್ಪೇನ್, ಇಟಲಿಯ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು. ಐದಾರು ದೇಶ ಒಂದೇ ಸಮನೆ ಸುತ್ತುವುದಾದರೆ ಲೆಕ್ಕ ಹಾಕಿ ನೋಡಿ.

—

ಪ್ರಶ್ನೆ (ಮೊದಲು ಕೇಳಿದವರು):

ತುಂಬಾ ಥ್ಯಾಂಕ್ಸ್ ಮೇಡಂ. ಕೊನೇದೊಂದು. ಪ್ಯಾರಿಸ್‌ನಿಂದ ವಾಪಸ್ ಬರುವಾಗ ಜ್ಯೂರಿಚ್‌ನಲ್ಲಿ ಎರಡು ದಿನ ಇರೋಣ ಅಂತ. ನಂದು ಇಲ್ಲಿನ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್, ಕಾರ್ಡ್ ಹಿಂದೆ ಯುರೋಪಿಯನ್ ಕಾರ್ಡ್ ಅಂತಾನೂ ಇದೆ. ಅದೇ ಸಾಕಲ್ವಾ?

ಉತ್ತರ:

ಚೆಕ್ ಗಣರಾಜ್ಯ, ಫ್ರಾನ್ಸ್‌ಗೆ ಸಾಕು. ಸ್ವಿಟ್ಜರ್ಲೆಂಡ್‌ಗೆ ಸಾಲದು. ಐರೋಪ್ಯ ಒಕ್ಕೂಟದ ಪೌರತ್ವ ಇಲ್ಲದ ನಮ್ಮಂಥವರ ಆ ಕಾರ್ಡು ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಮತ್ತು ಡೆನ್ಮಾರ್ಕ್‌ನಲ್ಲಿ ಚಿಕಿತ್ಸೆಗೆ ನಡೆಯುವುದಿಲ್ಲ. ಡೆನ್ಮಾರ್ಕ್ ಒಕ್ಕೂಟದಲ್ಲೇ ಇರುವುದರಿಂದ ಬಹಳ ಜನ ಮೋಸ ಹೋಗುವುದು ಅಲ್ಲೇ. ವಿದೇಶ ಪ್ರವಾಸದ ಹೆಲ್ತ್ ಇನ್ಶೂರೆನ್ಸ್ ಅಂತ ಬೇರೆ ಪಾಲಿಸಿ ಸಿಗುತ್ತದೆ. ಒಂದು ವರ್ಷದ್ದನ್ನೇ ತೆಗೆದರೂ ಹಾಸ್ಟೆಲ್‌ನ ಒಂದೆರಡು ರಾತ್ರಿಯ ದುಡ್ಡು, ಅಷ್ಟೇ. ಹೊರಡುವ ಮೊದಲೇ ತೆಗೆಯಬೇಕು, ಅಲ್ಲಿಗೆ ಹೋಗಿ ಕಾಲು ಉಳುಕಿದ ಮೇಲೆ ತೆಗೆದರೆ ಉಪಯೋಗವಿಲ್ಲ. ಭಾರತಕ್ಕೆ ಹೋದಾಗಲೂ ಅದು ನಡೆಯುತ್ತದೆಯೇ ಅಂತ ಷರತ್ತು ಓದಿ ನೋಡಿ, ಕೆಲವು ಪಾಲಿಸಿಗಳಲ್ಲಿ ತಾಯ್ನಾಡನ್ನು ಬಿಟ್ಟಿರುತ್ತಾರೆ.