ಟೈಮಿಂಗ್ ಚೈನ್ ಟೆನ್ಷನರ್: ಅದೊಂದೇ ಹಾಕಿದರೆ ಸಾಕಾ?

ಹಾಸನದ_ಹುಡುಗ: 2011ರ ಪೆಟ್ರೋಲ್ ಕಾರು, 1.2 ಲೀಟರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರ್ನಾಲ್ಕು ಸೆಕೆಂಡ್ ಎಂಜಿನ್ ಒಳಗಿನ ಟೈಮಿಂಗ್ ಚೈನ್ ಲಟಲಟ ಅನ್ನುತ್ತದೆ, ಆಮೇಲೆ ನಿಲ್ಲುತ್ತದೆ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಹೊಸದು ತಂದಿದ್ದೇನೆ. ಅದೊಂದೇ ಸಾಕಾ?

ಗ್ರೀಸ್_ಕೈ: ಸಾಲದು. ಚೈನ್, ಅದು ಒರಗಿ ಓಡುವ ಗೈಡ್, ಟೆನ್ಷನರ್ ಮೂರೂ ಹಾಕಿ. ಹೊಸ ಟೆನ್ಷನರ್‌ನ ಲಾಕ್ ಪಿನ್ ಮೊದಲೇ ಕೀಳಬೇಡಿ, ಬೋಲ್ಟ್ ಬಿಗಿ ಮಾಡಿದ ಮೇಲೆ ಕೀಳಿ.

ತುಮಕೂರು_ಸ್ಪ್ಯಾನರ್: "ಮೂರೂ ಹಾಕಿ" ಅಂತ ಸುಮ್ನೆ ಖರ್ಚು ಮಾಡಿಸಬೇಡಿ. ಟೆನ್ಷನರ್‌ನಿಂದ ರಾತ್ರಿ ಆಯಿಲ್ ಇಳಿದುಹೋದರೂ ಇದೇ ಸದ್ದು. ನಾನು ಅದೊಂದನ್ನೇ ಹಾಕಿ 30 ಸಾವಿರ ಕಿ.ಮೀ. ಓಡಿಸಿದ್ದೇನೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಚೈನ್‌ನ ಬಣ್ಣದ ಕೊಂಡಿಗಳು ಮತ್ತೆ ಸ್ಪ್ರಾಕೆಟ್ (ಹಲ್ಲುಚಕ್ರ) ಮೇಲಿನ ಗುರುತಿಗೆ ಬಂದವಾ ನೋಡಿ. ಅಷ್ಟೇ.

ಗ್ರೀಸ್_ಕೈ: ಬಣ್ಣದ ಕೊಂಡಿ ಎರಡೇ ಸುತ್ತಿಗೆ ವಾಪಸ್ ಬರುತ್ತದಾ? ಯಾವ ಎಂಜಿನ್‌ನಲ್ಲಿ?

ತುಮಕೂರು_ಸ್ಪ್ಯಾನರ್: ಎಲ್ಲದರಲ್ಲೂ. ಬರದಿದ್ದರೆ ಹಲ್ಲು ತಪ್ಪಿದೆ ಅಂತ ಅರ್ಥ. ಹಾಗೇ ಸ್ಟಾರ್ಟ್ ಮಾಡಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯಬಹುದು.

ಲೆಕ್ಕದ_ಮೇಷ್ಟ್ರು: ಉದಾಹರಣೆಗೆ ಕ್ರ್ಯಾಂಕ್‌ಗೆ 18 ಹಲ್ಲು, ವಾಲ್ವ್ ತೆರೆಯುವ ಕ್ಯಾಮ್‌ಗೆ 36, ಚೈನ್‌ನಲ್ಲಿ 120 ಕೊಂಡಿ ಅಂತಿಟ್ಟುಕೊಳ್ಳಿ. ಎರಡು ಸುತ್ತಿಗೆ ಚೈನ್ 36 ಕೊಂಡಿ ಮಾತ್ರ ಮುಂದೆ ಹೋಗುತ್ತದೆ. ಬಣ್ಣದ್ದು ಮತ್ತೆ ಗುರುತಿಗೆ ಬರಲು 20 ಸುತ್ತು ಬೇಕು. ಎರಡು ಸುತ್ತಿಗೆ ಕೂಡಬೇಕಾದ್ದು ಸ್ಪ್ರಾಕೆಟ್ ಮೇಲಿನ ಗುರುತು.

ತುಮಕೂರು_ಸ್ಪ್ಯಾನರ್: "ಅಂತಿಟ್ಟುಕೊಳ್ಳಿ" ಅಂದರೆ? ಒಂದು ಚೈನ್‌ನ ಕೊಂಡಿಯನ್ನಾದರೂ ಎಣಿಸಿದ್ದೀರಾ ಮೇಷ್ಟ್ರೇ?

ಉಡುಪಿ_ರೋಡ್: ಮಾರಾಯ್ರೆ, ನಾನು ಇದೇ ಮಾತು ನಂಬಿ ಕೊಂಡಿ ಕೂಡಲಿಲ್ಲ ಅಂತ ಹೆದರಿ ಕವರ್ ಮತ್ತೆ ಬಿಚ್ಚಿದೆ. ಎಲ್ಲ ಸರಿಯಾಗೇ ಇತ್ತು. ಒಂದು ಭಾನುವಾರ, ಒಂದು ಟ್ಯೂಬ್ ಸೀಲೆಂಟ್ ದಂಡ. ಬಣ್ಣ ಇರುವುದು ಜೋಡಿಸುವಾಗ ನೋಡಲಿಕ್ಕೆ ಮಾತ್ರ.

ತುಮಕೂರು_ಸ್ಪ್ಯಾನರ್: ಹೆದರಿ ಬಿಚ್ಚಿದ್ದೇ ಒಳ್ಳೆಯದಾಯಿತು. ನೋಡದೆ ಬಿಟ್ಟು ಎಂಜಿನ್ ಹೋಗಿದ್ದರೆ?

ಗ್ರೀಸ್_ಕೈ: ನಿಮ್ಮ ಮಾತು ಕೇಳಿ ಹುಡುಗರು ಸರಿ ಇರುವ ಟೈಮಿಂಗ್ ಕೆಡಿಸುತ್ತಾರೆ ಸ್ವಾಮಿ! ಅದಕ್ಕೆ ಯಾರು ಹೊಣೆ?

ಹಾಸನದ_ಹುಡುಗ: ಅಣ್ಣಂದಿರೇ, ಕವರ್ ತೆಗೆದೆ. ಗೈಡ್‌ನ ಪ್ಲಾಸ್ಟಿಕ್ ಮೇಲೆ ಚೈನ್ ಎರಡು ಗೀರು ಕೊರೆದಿದೆ, ಉಗುರು ಇಟ್ಟರೆ ಒಳಗೆ ಇಳಿಯುತ್ತದೆ. ಹಳೇ ಟೆನ್ಷನರ್ ಇನ್ನೂ ಬಿಚ್ಚಿಲ್ಲ, ಆದರೆ ಅದರ ಪ್ಲಂಜರ್ (ಚೈನ್ ಕಡೆಗೆ ಒತ್ತುವ ಕಡ್ಡಿ) ಆಗಲೇ ಪೂರ್ತಿ ಹೊರಗೆ ಬಂದಿದೆ.

ಗ್ರೀಸ್_ಕೈ: ನಾನು ಹೇಳಿದ್ದೂ ಅದೇ ಅಲ್ವಾ? ಚೈನ್ ಎಳೆದುಕೊಂಡಿದೆ, ಗೈಡ್ ಸವೆದಿದೆ. ಹೊಸ ಟೆನ್ಷನರ್ ಒಂದೇ ಹಾಕಿದರೆ ಅದೂ ಇಷ್ಟೇ ಹೊರಗೆ ಬಂದು ನಿಲ್ಲುತ್ತದೆ.

ತುಮಕೂರು_ಸ್ಪ್ಯಾನರ್: ಸವೆದಿದ್ದರೆ ಹಾಕಲಿ, ನಾನೇನು ಬೇಡ ಅಂದೆನಾ? ಬಣ್ಣದ ಕೊಂಡಿ ವಿಷಯದಲ್ಲಿ ಮಾತ್ರ ನನ್ನ ಮಾತು ಅದೇ.

ಲೆಕ್ಕದ_ಮೇಷ್ಟ್ರು: ಹುಡುಗ ಈಗ ಚೈನ್ ಬಿಚ್ಚುತ್ತಾನೆ. ಎಣಿಸಿ ಇಲ್ಲೇ ಹಾಕಲಿ.