ಸ್ನೋಗೆ ಮಂಜು ಅನ್ನಬಹುದೇ? ಹಿಮಪಾತ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗದಲ್ಲಿ ಪಿಯುಸಿ ಮಕ್ಕಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ಹಿಮಾಲಯದಲ್ಲಿ ಬಿದ್ದ ಸ್ನೋವನ್ನು ಉಪಗ್ರಹದ ಮಾಹಿತಿ, ಯಂತ್ರಕಲಿಕೆ (ಮಷಿನ್ ಲರ್ನಿಂಗ್) ಎರಡನ್ನೂ ಬಳಸಿ ಅಳೆಯುವುದು ಹೇಗೆ ಅನ್ನುವುದು ವಿಷಯ. ಕರಡಿನಲ್ಲಿ ಸ್ನೋಗೆ ‘ಮಂಜು’ ಎಂದೇ ಬರೆದಿದ್ದೆ. ‘ಮಂಜು ಯಾವುದು, ಮೋಡ ಯಾವುದು ಎಂದು ಗುರುತಿಸುವುದೇ ಕಷ್ಟದ ಕೆಲಸ’ ಎಂಬ ಸಾಲು ಓದಿದ ಹುಡುಗಿಯೊಬ್ಬಳು, “ಮೇಡಂ, ಮಂಜು ಅಂದ್ರೆ ಕೆಳಗಿಳಿದ ಮೋಡನೇ ಅಲ್ವಾ?” ಅಂದಳು.

ಅವಳು ಹೇಳಿದ್ದು ಸರಿ. ನಮ್ಮೂರ ಜೋಗಿಮಟ್ಟಿ ಬೆಟ್ಟವನ್ನು ಬೆಳಗಿನ ಹೊತ್ತು ಮುಚ್ಚುವುದು ಮಂಜು, ಮಾವಿನ ಹೂವು ಕೆಡಿಸುವುದೂ ಮಂಜು. ಕಡ್ಲೆ ಹೊಲದಲ್ಲಿ ಮುಂಜಾನೆ ನಡೆದರೆ ಎಲೆಯ ಹುಳಿ ಸೇರಿ ಕಾಲಿಗೆ ಹತ್ತುವ ತೇವಕ್ಕೆ ಇಬ್ಬನಿ ಅಂತಲೂ ಅಂತೀವಿ, ಮಂಜು ಅಂತಲೂ ಅಂತೀವಿ. ಮೇಲಿಂದ ಗಟ್ಟಿಯಾಗಿ ಬೀಳುವುದು ನಮಗೆ ಗೊತ್ತಿರುವುದು ಆಲಿಕಲ್ಲು ಒಂದೇ.

ಪಾಠದ ಜೀವಾಳವೇ ಮೋಡವನ್ನು ಬೇರ್ಪಡಿಸುವುದು. ಬರಿಗಣ್ಣಿಗೆ ಎರಡೂ ಬೆಳ್ಳಗೆ. ಆದರೆ ಸುಮಾರು 1.6 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನು ಸ್ನೋ ಬಹುಪಾಲು ಹೀರಿಕೊಳ್ಳುತ್ತದೆ, ನೀರಹನಿಯ ಮೋಡ ಹಿಂದಕ್ಕೆ ಚಿಮ್ಮಿಸುತ್ತದೆ. ಹಿಂದಕ್ಕೆ ಚಿಮ್ಮಿದ ಹಸಿರು ಬೆಳಕಿನ ಪಾಲಿನಿಂದ ಈ ಅವಕೆಂಪಿನ ಪಾಲನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ, ಉತ್ತರ 0.4 ದಾಟಿದರೆ ಸ್ನೋ ಎಂದು ಹಿಡಿಯುವುದು ರೂಢಿ. ಟೆರಾ ಉಪಗ್ರಹದ ಮೋಡಿಸ್ ಉಪಕರಣ 2000ದಿಂದ 500 ಮೀಟರ್ ಚೌಕಗಳಲ್ಲಿ ಇದಕ್ಕೆ ಬೇಕಾದ ಚಿತ್ರ ಕೊಡುತ್ತಿದೆ. ಕಾಡಿನ ಮರೆಯಲ್ಲಿ, ಬೆಟ್ಟದ ನೆರಳಲ್ಲಿ 0.4ರ ಈ ಗೆರೆ ತಪ್ಪುತ್ತದೆ. ಅಲ್ಲಿಯೇ ಯಂತ್ರಕಲಿಕೆ ಬೇಕಾಗುವುದು: ನೆಲದ ಮೇಲೆ ಅಳೆದ ಲೆಕ್ಕ ತೋರಿಸಿ ಅದಕ್ಕೆ ಕಲಿಸುತ್ತಾರೆ. ಇಂಥ ಪಾಠದಲ್ಲಿ ‘ಮಂಜು’ ಬಳಸಿದರೆ ಅರ್ಥವೇ ಕೆಟ್ಟೀತು. ಹಾಗಾಗಿ ಎಲ್ಲ ಕಡೆ ‘ಹಿಮ’ ಎಂದು ತಿದ್ದಿದ್ದೇನೆ.

‘ಹಿಮಪಾತ’ದಲ್ಲೂ ತೊಡಕಿದೆ. ಹಿಮ ಉದುರುವುದಕ್ಕೂ ಅದೇ ಪದ, ಇಳಿಜಾರಿನಿಂದ ಹಿಮದ ರಾಶಿ ಕುಸಿದು ಜನ ಸಿಕ್ಕಿಕೊಳ್ಳುವುದಕ್ಕೂ ಸುದ್ದಿಗಳಲ್ಲಿ ಅದೇ ಪದ. ಕುಸಿಯುವುದಕ್ಕೆ ‘ಹಿಮಕುಸಿತ’, ಬಿದ್ದು ನೆಲ ಮುಚ್ಚಿದ್ದಕ್ಕೆ ‘ಹಿಮಹೊದಿಕೆ’ ಎಂದಿಟ್ಟುಕೊಂಡಿದ್ದೇನೆ.

ಉಳಿದಿರುವುದು ಒಂದು. ಹೊಸದಾಗಿ ಬಿದ್ದ 10 ಸೆಂಟಿಮೀಟರ್ ಹಿಮ ಕರಗಿದರೆ ಸುಮಾರು 1 ಸೆಂಟಿಮೀಟರ್ ನೀರು. ಕೆಳಗಿನ ಹೊಳೆಗಳಿಗೆ ಬೇಕಾದ ಲೆಕ್ಕ ಈ ನೀರಿನದು, ಹಿಮದ ಎತ್ತರದ್ದಲ್ಲ. ಇದಕ್ಕೆ (ಸ್ನೋ ವಾಟರ್ ಈಕ್ವಿವಲೆಂಟ್) ‘ಹಿಮಜಲ ಸಮಾನಾಂಕ’ ಎಂದರೆ ಮಕ್ಕಳ ಬಾಯಲ್ಲಿ ತಿರುಗುವುದಿಲ್ಲ. ‘ಕರಗುನೀರು’ ಎಂದರೆ ಆಗಲೇ ಕರಗಿ ಹರಿಯುತ್ತಿರುವ ನೀರು ಎಂದುಕೊಳ್ಳಬಹುದು. ಹಿಮದೊಳಗೆ ಇನ್ನೂ ಅಡಗಿರುವ ನೀರಿಗೆ ನಿಮ್ಮ ಕಡೆ ಹೊಂದುವ ಮಾತು ಇದ್ದರೆ ದಯವಿಟ್ಟು ತಿಳಿಸಿ.